ಯಾವಾಗಿಂದ ಹಿಂಗ?

ನಮ್ಮ ಸೀಮೆಯಲ್ಲಿ ಹುಚ್ಚಪ್ಪ, ಹುಚ್ಚಮ್ಮ, ಹುಚ್ಚಯ್ಯ ಎಂಬ ಹೆಸರುಗಳಿಗೆ ಬರವಿಲ್ಲ. ಕಮತಗಿಯ ಹುಚ್ಚೇಶ್ವರನ ಭಕ್ತರು ಹುಟ್ಟಿದ ಮಗುವಿಗೆ ಪ್ರೀತಿಯಿಂದ ಇಡುವ ಹೆಸರು ಅದು. ಕೊಪ್ಪಳ ತಾಲ್ಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಹೊಲವನ್ನೇ ಶಾಲೆಗೆ ಬಿಟ್ಟುಕೊಟ್ಟವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿಗೆ ಅವರ ಹೆಸರು ಕೂಗಿದಾಗ ಯಾರೂ ನಗಲಿಲ್ಲ, ನಗುವ ಮಾತೂ ಅದಾಗಿರಲಿಲ್ಲ. ಆದರೆ ಅದೇ ಓಣಿಯಲ್ಲಿ ದಿನಕ್ಕೊಂದು ಗುಳಿಗೆ ನುಂಗುವ ಹುಡುಗ ಹಾದುಹೋದರೆ ಅದೇ ಪದ ಕಲ್ಲಾಗಿ ಬೀಳುತ್ತದೆ. ಹುಡುಗರು ಹಿಂದೆ ಓಡುತ್ತಾರೆ, ದೊಡ್ಡವರು ಬಾಗಿಲು ಹಾಕಿಕೊಳ್ಳುತ್ತಾರೆ.

ನಮ್ಮ ರಾಯಚೂರು ಜಿಲ್ಲೆಯ ಸಾಲಗುಂದದ ಕಡೆಯ ಅಂಥ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಗುರುತು ಸಿಗಬಾರದೆಂದು ನಾಲ್ಕಾರು ಮನೆಗಳಲ್ಲಿ ಕಂಡು ಕೇಳಿದ್ದನ್ನು ಒಂದೇ ಮನೆಯದೆಂಬಂತೆ ಕೂಡಿಸಿದ್ದೇನೆ. ಊರಲ್ಲಿ ಅವನನ್ನು ಹುಡುಕಬೇಡಿ. ವಯಸ್ಸು ಇಪ್ಪತ್ತೊಂದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಎರಡನೇ ಬೆಳೆಗೆ ಸಿಗದ ವರ್ಷ ಬೆಂಗಳೂರಿಗೆ ಗುಳೆ ಹೋದ. ಕಟ್ಟಡದ ಕೆಲಸ. ಏಳು ತಿಂಗಳಿಗೆ ವಾಪಸು ಬಂದವನು ರಾತ್ರಿ ಮಲಗುತ್ತಿರಲಿಲ್ಲ. ಮೇಸ್ತ್ರಿ ತನ್ನ ಮಾತನ್ನೆಲ್ಲ ಕದ್ದು ಕೇಳುತ್ತಾನೆಂದು ಮೊಬೈಲನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟ. ಅವ್ವ ಕೊಟ್ಟ ರೊಟ್ಟಿಯನ್ನು ಮೊದಲು ನಾಯಿಗೆ ಹಾಕಿ, ಅದಕ್ಕೆ ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ತಾನು ತಿನ್ನುತ್ತಿದ್ದ. ಸ್ನಾನ ಬಿಟ್ಟ. ಗೆಳೆಯರನ್ನು ಬಿಟ್ಟ. ಒಬ್ಬನೇ ಕೂತು ಯಾರಿಗೋ ಉತ್ತರ ಕೊಡುತ್ತಿದ್ದ.

'ಗಾಳಿ ಸೋಕೈತಿ' ಅಂದಳು ಅಜ್ಜಿ. 'ಯಾರೋ ಮಾಡಿಸ್ಯಾರ' ಅಂದ ಕಾಕಾ. ಅವನಿಗೆ ಬದುವಿನ ಹಳೇ ಜಗಳ ನೆನಪಾಗಿತ್ತು. ತಾಯತ ಬಂತು, ನಿಂಬೆಹಣ್ಣು ಬಂತು, ಗಾಣಗಾಪುರಕ್ಕೆ ಐದು ಹುಣ್ಣಿಮೆ ನಡೆದುಕೊಂಡದ್ದೂ ಆಯಿತು. ಕೊನೆಗೆ, 'ಮದುವಿ ಮಾಡಿದ್ರ ಸರಿ ಹೊಕ್ಕಾನ' ಎಂದು ಹೆಣ್ಣು ನೋಡಲು ಹೊರಟರು. ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಎಲ್ಲಕ್ಕಿಂತ ಕೊನೆಗೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: 'ಯಾವಾಗಿಂದ ಹಿಂಗ?' ಅಪ್ಪ, 'ಈಗ ಒಂದ್ ಹದಿನೈದ್ ದಿನ ಆತ್ರಿ' ಅಂದ. ಅವ್ವ ತಲೆ ತಗ್ಗಿಸಿಕೊಂಡು ಮೆಲ್ಲಗೆ ಅಂದಳು: 'ಹೋದ ವರ್ಸ ಎಳ್ಳಮಾಸಿಗಿಂತ ಮೊದ್ಲಿಂದ ರೀ.'

ಹದಿನೈದು ದಿನಕ್ಕೂ ಹದಿನಾಲ್ಕು ತಿಂಗಳಿಗೂ ನಡುವಿನ ಈ ಅಂತರದ ಬಗ್ಗೆಯೇ ನಾನು ಇವತ್ತು ಬರೆಯಬೇಕೆಂದಿರುವುದು.

ಆ ಹುಡುಗನಿಗೆ ಆಗಿದ್ದಕ್ಕೆ ವೈದ್ಯರು ಸೈಕೋಸಿಸ್ ಅನ್ನುತ್ತಾರೆ. ಕನ್ನಡದಲ್ಲಿ ಚಿತ್ತವಿಕಲತೆ, ಮನೋವಿಕೃತಿ ಎಂದೆಲ್ಲ ಬರೆಯುವವರಿದ್ದಾರೆ. ಓಣಿಯಲ್ಲಿ ಆ ಮಾತುಗಳು ನಡೆಯುವುದಿಲ್ಲ, ನಾನೂ ಸೈಕೋಸಿಸ್ ಎಂದೇ ಬರೆಯುತ್ತೇನೆ. ಇದು ಒಂದು ಕಾಯಿಲೆಯ ಹೆಸರು ಎಂದುಕೊಂಡವರೇ ಹೆಚ್ಚು. ಅಲ್ಲ, ಜ್ವರ ಹೇಗೋ ಇದೂ ಹಾಗೆ. ಜ್ವರ ಮಲೇರಿಯಾದಿಂದ ಬರಬಹುದು, ಟೈಫಾಯ್ಡ್‌ನಿಂದ ಬರಬಹುದು, ಹುಣ್ಣು ಕೀವಾದರೂ ಬರಬಹುದು. ಸೈಕೋಸಿಸ್ ಕೂಡ ಒಂದು ಸ್ಥಿತಿ. ವಾಸ್ತವದ ಜೊತೆ ಮನಸ್ಸಿನ ಕೊಂಡಿ ಸಡಿಲವಾಗುವುದು. ಸ್ಕಿಜೋಫ್ರೀನಿಯಾದಲ್ಲಿ ಅದು ಬರುತ್ತದೆ. ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲಿ ಬರುತ್ತದೆ, ತೀವ್ರ ಖಿನ್ನತೆಯಲ್ಲೂ ಬರುತ್ತದೆ. ಥೈರಾಯ್ಡ್ ಏರುಪೇರಾದರೆ, ಬಿ-12 ವಿಟಮಿನ್ ತೀರಾ ಕಡಿಮೆಯಾದರೆ, ಮೆದುಳಿಗೆ ಸೋಂಕು ತಗುಲಿದರೆ, ಗಾಂಜಾ ಹೆಚ್ಚಾದರೆ, ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ಕುಡಿತ ಬಿಟ್ಟರೆ ಕೂಡ ಇಂಥದೇ ಲಕ್ಷಣಗಳು ಬರಬಹುದು.

ಕೊನೆಯದನ್ನು ನಮ್ಮ ಜಿಲ್ಲೆಯವರು ಎರಡು ಸಲ ಓದಬೇಕು. ರಾಯಚೂರಿನಲ್ಲಿ ಸಿಎಚ್ ಪೌಡರ್ ಬೆರೆಸಿದ ಸೇಂದಿಯ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅದಕ್ಕೆ ಒಗ್ಗಿದ ದೇಹಕ್ಕೆ ಅದು ಒಮ್ಮೆಲೇ ಸಿಗದೆ ಹೋದರೆ ಕೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಮುಗಿಬಿದ್ದಾಗ ಮಹಬೂಬ್‌ನಗರ, ನಿಜಾಮಾಬಾದ್ ಕಡೆ ಜನ ಹೀಗೇ ವಿಚಿತ್ರವಾಗಿ ಆಡುತ್ತ ಆಸ್ಪತ್ರೆ ತುಂಬಿದ್ದರು. ಅದನ್ನು ದೆವ್ವ ಎಂದು ಕಟ್ಟಿಹಾಕಿ ಕೂತರೆ ಜೀವಕ್ಕೇ ಕುತ್ತು. ಬೆವರು, ನಡುಕ, ಜ್ವರ, ಊರು-ದಿನ-ವಾರದ ಗೊತ್ತಿಲ್ಲದಿರುವುದು, ಇವು ಸೇರಿ ಬಂದರೆ ಮರುದಿನಕ್ಕೆ ಕಾಯಬಾರದು. ಅದೇ ರಾತ್ರಿ 108ಕ್ಕೆ ಫೋನ್ ಮಾಡಬೇಕು.

ಮನಸ್ಸಿನೊಳಗೆ ಆಗುವುದಾದರೂ ಏನು? ಕಾಲುವೆ ಸೀಮೆಯವರಿಗೆ ಹೇಳುವುದು ಸುಲಭ. ನಮ್ಮ ಕಣ್ಣಿಗೆ ಕಿವಿಗೆ ದಿನವಿಡೀ ಬೀಳುವುದೆಲ್ಲ ಮುಖ್ಯವಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೆಮ್ಮಿದರು, ಯಾರೋ ನಕ್ಕರು, ಟಿವಿಯಲ್ಲಿ ಯಾರೋ ಏನೋ ಅಂದರು. ಇದು ನಿನಗೆ ಸಂಬಂಧಿಸಿದ್ದು, ಇದು ಅಲ್ಲ ಎಂದು ತೂಬಿನ ಬಾಯಲ್ಲಿ ನಿಂತು ಹರಿವನ್ನು ಹದವಾಗಿ ಬಿಡುವ ಒಂದು ವ್ಯವಸ್ಥೆ ಮೆದುಳಿನಲ್ಲಿದೆ. ಡೋಪಮೈನ್ ಎಂಬ ರಾಸಾಯನಿಕಕ್ಕೆ ಅದರಲ್ಲಿ ದೊಡ್ಡ ಪಾತ್ರ. ಆ ಬಾಗಿಲು ಕೆಟ್ಟು ತೆರೆದುಕೊಂಡರೆ ಎಲ್ಲ ಹೊಲಕ್ಕೂ ಒಮ್ಮೆಲೇ ನೀರು. ಕೆಮ್ಮಿದವನೂ ತನಗೇ ಸನ್ನೆ ಮಾಡಿದ, ನಕ್ಕವಳೂ ತನಗೇ ನಕ್ಕಳು, ಟಿವಿಯವನೂ ತನ್ನ ವಿಷಯವನ್ನೇ ಆಡುತ್ತಿದ್ದಾನೆ. ಇಷ್ಟೆಲ್ಲ ಯಾಕೆ ತನ್ನ ಸುತ್ತಲೇ ನಡೆಯುತ್ತಿದೆ ಎಂಬುದಕ್ಕೆ ಮನಸ್ಸು ಒಂದು ಕಾರಣ ಹುಡುಕಲೇಬೇಕು. ಮೇಸ್ತ್ರಿ ಕದ್ದು ಕೇಳುತ್ತಿದ್ದಾನೆ ಎಂಬ ಭ್ರಮೆ ಹುಟ್ಟುವುದು ಹೀಗೆ. ಹೊರಗಿನಿಂದ ನೋಡುವವರಿಗೆ ಅದು ತಲೆಬುಡವಿಲ್ಲದ ಮಾತು. ಒಳಗಿದ್ದವನಿಗೆ ಲೆಕ್ಕ ಕೂಡಿಸಿದ ಉತ್ತರ. ಆದ್ದರಿಂದಲೇ ವಾದ ಮಾಡಿ ಅದನ್ನು ತೆಗೆಯಲಾಗುವುದಿಲ್ಲ.

ಯಾರೂ ಇಲ್ಲದೆ ಕೇಳುವ ಧ್ವನಿ ಇನ್ನೊಂದು ಮುಖ್ಯ ಲಕ್ಷಣ. ಅದು ಕಲ್ಪನೆ ಮಾಡಿಕೊಂಡದ್ದಲ್ಲ. ಕೇಳುವಾಗ ಮೆದುಳಿನ ಮಾತಿನ ಭಾಗಗಳು ನಿಜವಾಗಿ ಕೆಲಸ ಮಾಡುತ್ತಿರುತ್ತವೆ. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈ, ಈ ಮೂರು ಕಡೆ ತಲಾ 20 ಮಂದಿಯನ್ನು ಅವರು ಮಾತಾಡಿಸಿದರು. ಅಮೆರಿಕದವರಿಗೆ ಕೇಳುತ್ತಿದ್ದುದು ಹೆಚ್ಚಾಗಿ ಅಪರಿಚಿತರ ಹಿಂಸೆಯ ಮಾತು. ಚೆನ್ನೈಯವರಲ್ಲಿ ಹಲವರಿಗೆ ಬಂಧುಗಳ ಧ್ವನಿ. ಬೈಯುತ್ತಿತ್ತು, ಹಾಗೇ ಸ್ನಾನ ಮಾಡು, ಮನೆಗೆಲಸ ಮಾಡು ಎಂದೂ ಹೇಳುತ್ತಿತ್ತು. ಭ್ರಾಂತಿಯೊಳಗೂ ಅತ್ತೆ-ಮಾವ ಬಂದು ಬುದ್ಧಿ ಹೇಳುವ ನಾಡು ನಮ್ಮದು.

ಇನ್ನು ಸಿನಿಮಾ ಮತ್ತು ಪತ್ರಿಕೆ. 'ಸೈಕೋ' ಎಂಬ ಮಾತನ್ನು ಕೊಲೆಗಡುಕನಿಗೆ ಹಚ್ಚಿ ಮೊದಲ ಪುಟದಲ್ಲಿ ಅಚ್ಚು ಹಾಕುವ ಪಾಪದಲ್ಲಿ ನಮ್ಮ ಪತ್ರಿಕಾ ವೃತ್ತಿಯ ಪಾಲೂ ದೊಡ್ಡದಿದೆ. ಕರುಣೆಯಿಲ್ಲದೆ ಲೆಕ್ಕ ಹಾಕಿ ಕೆಡುಕು ಮಾಡುವವನ ಸ್ವಭಾವಕ್ಕೆ ಇರುವ ಹೆಸರು ಸೈಕೋಪತಿ. ಸೈಕೋಸಿಸ್‌ಗೂ ಅದಕ್ಕೂ ಮೊದಲ ಎರಡಕ್ಷರದ ಸಂಬಂಧ, ಅಷ್ಟೆ. ಸೈಕೋಸಿಸ್ ಇರುವವರು ಹೊಡೆಯುವುದಕ್ಕಿಂತ ಹೊಡೆತ ತಿನ್ನುವುದು ಹೆಚ್ಚು. ಭಯದಲ್ಲಿ ಒಮ್ಮೊಮ್ಮೆ ಕೈ ಎತ್ತುವುದುಂಟು, ಚಿಕಿತ್ಸೆ ಇಲ್ಲದಾಗ, ಕುಡಿತ ಸೇರಿದಾಗ ಆ ಅಪಾಯ ಏರುತ್ತದೆ; ಅದನ್ನು ಮುಚ್ಚಿಡುವುದಿಲ್ಲ. ಆದರೆ ದೊಡ್ಡ ಅಪಾಯ ಅವರ ಜೀವಕ್ಕೇ ಇದೆ. ಸ್ಕಿಜೋಫ್ರೀನಿಯಾ ಇರುವ ನೂರು ಜನರಲ್ಲಿ ಸುಮಾರು ಐದು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ.

'ಆಪ್ತಮಿತ್ರ' ನೋಡಿದವರು ಗಂಗಾ ನಾಗವಲ್ಲಿಯಾಗುವುದನ್ನೇ ಸ್ಕಿಜೋಫ್ರೀನಿಯಾ ಎಂದುಕೊಂಡಿದ್ದಾರೆ. ತಪ್ಪು ಪೂರ್ತಿ ಸಿನಿಮಾದ್ದಲ್ಲ. ಸ್ವಿಸ್ ವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈ ಕಾಯಿಲೆಗೆ ಹೆಸರಿಡುವಾಗ ಗ್ರೀಕಿನ 'ಸೀಳು' ಮತ್ತು 'ಮನಸ್ಸು' ಎಂಬ ಪದಗಳನ್ನು ಜೋಡಿಸಿದ. ಅವನು ಹೇಳಬೇಕೆಂದಿದ್ದುದು ಯೋಚನೆ, ಭಾವನೆಗಳ ನಡುವಿನ ಹೊಂದಾಣಿಕೆ ತಪ್ಪುವುದನ್ನು. ಲೋಕ ಕೇಳಿಸಿಕೊಂಡದ್ದು ಒಬ್ಬರೊಳಗೆ ಇಬ್ಬರು ಎಂದು.

ಕನ್ನಡಕ್ಕೆ ಇದರಲ್ಲಿ ಹೆಮ್ಮೆಪಡುವಂಥದೂ ಇದೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು 1971ರಲ್ಲಿ ಮಾಡಿದ 'ಶರಪಂಜರ'ದಲ್ಲಿ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಆಮೇಲೆ ಅವಳನ್ನು ಮುರಿಯುವುದು ಸುತ್ತಲಿನವರ ಕಣ್ಣು, ಪಿಸುಮಾತು, ಗಂಡನ ನಡತೆ. ಐವತ್ತು ವರ್ಷ ಕಳೆದರೂ ಆ ಚಿತ್ರದ ಪಾಠವನ್ನು ನಾವು ಕಲ್ಪನಾ ಅವರ ಅಭಿನಯವನ್ನು ಹೊಗಳುವುದರಲ್ಲೇ ಮರೆತಿದ್ದೇವೆ ಅನ್ನಿಸುತ್ತದೆ. ಕಾವೇರಿಗಾದಂತೆ ಹೆರಿಗೆಯಾದ ಮೇಲೆ ಮನಸ್ಸು ಕೆಡುವುದಕ್ಕೆ ನಮ್ಮ ಅಜ್ಜಿಯರ ಬಾಯಲ್ಲಿ ಮೊದಲಿನಿಂದ ಒಂದು ಹೆಸರಿದೆ: ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಕಾಣಿಸುತ್ತದೆ. ನಿನ್ನೆ ಚೆನ್ನಾಗಿದ್ದವಳು ಇವತ್ತು ಮಲಗುವುದಿಲ್ಲ, ಮಗು ತನ್ನದಲ್ಲ ಅನ್ನುತ್ತಾಳೆ, ಅಥವಾ ಮಗು ದೇವರ ಅವತಾರ ಅನ್ನುತ್ತಾಳೆ. 'ಕಿವಿಗೆ ಗಾಳಿ ಹೊಕ್ಕೈತಿ, ತಲಿಗೆ ಅರಿವಿ ಕಟ್ರಿ' ಎಂದು ಅರಿವೆ ಕಟ್ಟಿ ಕೂರಿಸಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಅರಿವೆ ಬೇಕಾದರೆ ಕಟ್ಟಿ, ಆದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸೈಕೋಸಿಸ್‌ಗಳಲ್ಲೆಲ್ಲ ಬಹುಬೇಗ, ಬಹುಮಟ್ಟಿಗೆ ಪೂರ್ತಿ ಗುಣವಾಗುವ ಬಗೆಗಳಲ್ಲಿ ಇದೊಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಜೊತೆಗಿಟ್ಟು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ದೇಶದಲ್ಲೇ ಅದು ಮೊದಲನೆಯದು.

ಈಗ ಗಾಣಗಾಪುರದ ಮಾತು. ನಾನು ಅದನ್ನು ಹೀಗಳೆಯಲಾರೆ. ಮಹಾಮಂಗಳಾರತಿಯ ಹೊತ್ತಿಗೆ ಗುಡಿಯ ಕಂಬ ಹತ್ತಿ ಕೂಗುವವರನ್ನು ಕಂಡವರಿಗೆ ಗೊತ್ತು, ಅಲ್ಲಿ ಯಾರೂ ಅವರನ್ನು ಹುಚ್ಚರೆಂದು ಓಡಿಸುವುದಿಲ್ಲ. ಇದಕ್ಕೊಂದು ಬೆಲೆ ಇದೆ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿಯನ್ನು ಬಂದಾಗೊಮ್ಮೆ, ಹೋಗುವಾಗೊಮ್ಮೆ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಕಾಯಿಲೆಯ ಲಕ್ಷಣಗಳು ಸರಾಸರಿ ಸುಮಾರು ಶೇ 20ರಷ್ಟು ಇಳಿದಿದ್ದವು. ಅಲ್ಲಿ ಸರಪಳಿ ಇರಲಿಲ್ಲ, ಹೊಡೆತ ಇರಲಿಲ್ಲ. ಮನೆಯವರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸವಿತ್ತು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಬಿಡಿಸಿಕೊಳ್ಳಲಾಗದೆ ಸುಟ್ಟುಹೋದರು. ಅಲ್ಲಿನ ದರ್ಗಾವನ್ನು ನಂಬಿ ಬಂದವರನ್ನು ಸುತ್ತಮುತ್ತಲಿನ ಖಾಸಗಿ ಆಶ್ರಯತಾಣಗಳಲ್ಲಿ ಹಾಗೆ ಕಟ್ಟಿ ಇಡಲಾಗುತ್ತಿತ್ತು. ಈಗ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಲ್ಲಿ ಬಿಗಿಯುವುದು ನಿಷಿದ್ಧ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಹೊಗೆ ಹಾಕುವುದು ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ಹುಣ್ಣಿಮೆಗೆ ಹೋಗುವವರು ಹೋಗಲಿ. ಜೇಬಿನಲ್ಲಿ ಗುಳಿಗೆ ಇಟ್ಟುಕೊಂಡು ಹೋಗಲಿ. ಐದು ಹುಣ್ಣಿಮೆ ಮುಗಿದ ಮೇಲೆ ಆಸ್ಪತ್ರೆ ಎಂಬ ಸರದಿಯೇ ಕೆಡುಕಿನ ಮೂಲ. ಚಿಕಿತ್ಸೆ ಇಲ್ಲದೆ ಕಳೆದ ಕಾಲ ಉದ್ದವಾದಷ್ಟೂ ಮುಂದಿನ ಚೇತರಿಕೆ ನಿಧಾನ ಎಂಬುದು ಲೋಕದ ನಾನಾ ಕಡೆ ಮತ್ತೆ ಮತ್ತೆ ಕಂಡ ಸಂಗತಿ. ಹದಿನಾಲ್ಕು ತಿಂಗಳಲ್ಲಿ ಆ ಹುಡುಗ ಗೆಳೆಯರನ್ನು, ಕೆಲಸದ ರೂಢಿಯನ್ನು, ಊರವರ ನಂಬಿಕೆಯನ್ನು ಕಳೆದುಕೊಂಡಿದ್ದ. ಇವು ಯಾವುವೂ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ.

ಗುಳಿಗೆಯ ಮೇಲೆ ನಮ್ಮವರಿಗೆ ಇರುವ ಅನುಮಾನ ದೆವ್ವದ ಮೇಲಿನ ನಂಬಿಕೆಗಿಂತ ಗಟ್ಟಿ. 'ನಿದ್ದಿ ಗುಳಿಗಿ ಅವು, ಚಟ ಹತ್ತತಾವ.' ಹತ್ತುವುದಿಲ್ಲ. ಸೈಕೋಸಿಸ್‌ಗೆ ಕೊಡುವ ರಿಸ್ಪೆರಿಡೋನ್, ಒಲಾಂಜಪೈನ್‌ನಂಥವು ಚಟ ಹಿಡಿಸುವ ಜಾತಿಯವಲ್ಲ. ಮೊದಮೊದಲು ಮಂಪರು ಬರಬಹುದು. ಕೆಲವರಿಗೆ ಕೈ ನಡುಕ, ಮೈ ಬಿಗಿತ, ಜೊಲ್ಲು. ಕೆಲವರಿಗೆ ತೂಕ ಏರುತ್ತದೆ, ಸಕ್ಕರೆ ಏರುತ್ತದೆ. ಅದನ್ನು ಡಾಕ್ಟರಿಗೆ ಹೇಳಿದರೆ ಪ್ರಮಾಣ ತಗ್ಗಿಸುತ್ತಾರೆ, ಬೇರೆಯದು ಕೊಡುತ್ತಾರೆ. ಹೇಳದೆ ತಾವೇ ಬಿಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ಒಂದೆರಡು ವಾರಕ್ಕೆ ಗುಣ ಕಾಣತೊಡಗುತ್ತದೆ, ಒಂದೂವರೆ ತಿಂಗಳಿಗೆ ಚೆನ್ನಾಗಿ ಕಾಣುತ್ತದೆ. 'ಆರಾಮಾದ' ಎಂದು ಅಲ್ಲಿಗೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನಂತೆ. ಮೊದಲ ಸಲ ಬಂದದ್ದಾದರೂ ಗುಣವಾದ ಮೇಲೆ ಒಂದೆರಡು ವರ್ಷ ಗುಳಿಗೆ ಮುಂದುವರಿಸಬೇಕಾಗುತ್ತದೆ. ದಿನಾ ನುಂಗುವುದು ಕಷ್ಟವಾದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಂದು ಇಂಜೆಕ್ಷನ್ ಇದೆ. ಅಂದಹಾಗೆ, ಈ ಚಿಕಿತ್ಸೆ ಪರದೇಶದಿಂದಲೇ ಬಂತು ಎಂದುಕೊಳ್ಳಬೇಕಿಲ್ಲ. ಇಂಥ ಗುಳಿಗೆಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜೈನ್ ಪ್ಯಾರಿಸ್‌ನಲ್ಲಿ 1952ರಲ್ಲಿ ಬಳಕೆಗೆ ಬರುವ ಎರಡು ದಶಕ ಮೊದಲೇ, 1931ರಲ್ಲಿ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತದೆಂದು ಬರೆದಿದ್ದರು.

ಮದುವೆಯ ಬಗ್ಗೆ ಎರಡೇ ಮಾತು. ಅದು ಔಷಧವಲ್ಲ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಸೊಸೆಗೆ ಗೊತ್ತಾಗಬಾರದೆಂದು ಗುಳಿಗೆಯೇ ನಿಂತುಹೋಗುತ್ತದೆ, ಕಾಯಿಲೆ ತಿರುಗಿ ಬರುತ್ತದೆ, ಸಂಸಾರ ಕೋರ್ಟು ಹತ್ತುತ್ತದೆ.

ಎಷ್ಟು ಮಂದಿಗೆ ಸೈಕೋಸಿಸ್ ಬರುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸ್ಕಿಜೋಫ್ರೀನಿಯಾ ಒಂದೇ ಸುಮಾರು 300 ಜನರಲ್ಲಿ ಒಬ್ಬರಿಗಿದೆ. ಆರು ಸಾವಿರ ಜನರ ಊರೆಂದರೆ ಸುಮಾರು ಇಪ್ಪತ್ತು ಮಂದಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೈಕೋಸಿಸ್ ಇದ್ದ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆ ಮುಟ್ಟಿರಲಿಲ್ಲ. ಆ ಇಪ್ಪತ್ತರಲ್ಲಿ ಹದಿನೈದು ಮಂದಿ ನಮ್ಮ ಪಡಸಾಲೆಯ ಹಿಂದಿನ ಕೋಣೆಯಲ್ಲಿ ಇದ್ದಾರೆ ಎಂದು ಓದಿಕೊಳ್ಳಿ.

ಇದಕ್ಕೆ ದಾರಿ ಮೊದಲು ಹೊಳೆದದ್ದು ನಮ್ಮ ಮಗ್ಗುಲಲ್ಲೇ. ಸಿಂಧನೂರಿನಿಂದ ಹೊರಟು ಧಡೇಸುಗೂರು ಸೇತುವೆಯಲ್ಲಿ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಒಂದು ಪ್ರಯೋಗ ಶುರುಮಾಡಿತು. ರೋಗಿಯನ್ನು ಬೆಂಗಳೂರು, ಧಾರವಾಡಗಳ ದೊಡ್ಡಾಸ್ಪತ್ರೆಗೆ ಹೊತ್ತೊಯ್ಯುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಈ ಕಾಯಿಲೆ ಗುರುತಿಸಲು ಕಲಿಸುವುದು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಲಕ್ಷಣಗಳನ್ನು ಹೇಳಿಕೊಡುವುದು, ಬೇಕಾದ ನಾಲ್ಕಾರು ಔಷಧಗಳನ್ನು ಅಲ್ಲೇ ಇಡುವುದು, ಕಷ್ಟದ ಪ್ರಕರಣಗಳಿಗೆ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರು. ದೇಶ ಇದನ್ನು 'ಬಳ್ಳಾರಿ ಮಾದರಿ' ಎಂದು ಕರೆಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಇದರ ಮೇಲೆ. ಆಮೇಲೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ ಇದ್ದವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಊರ ಹತ್ತಿರವೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಔಷಧ ತಪ್ಪದೆ ತೆಗೆದುಕೊಂಡವರು ಮನೆಗೆಲಸಕ್ಕೆ, ಹೊಲಕ್ಕೆ ಮರಳುವುದರಲ್ಲಿ ತೆಗೆದುಕೊಳ್ಳದವರಿಗಿಂತ ಮುಂದಿದ್ದರು. ದೊಡ್ಡಾಸ್ಪತ್ರೆಗೆ ಹೋಗದೆಯೂ, ಹತ್ತಿರದ ವೈದ್ಯರು ಮತ್ತು ಬಿಡದ ಗುಳಿಗೆಯಿಂದಲೇ ಇದು ಆಗುತ್ತದೆ. ಪಕ್ಕದ ಜಿಲ್ಲೆ ದೇಶಕ್ಕೆ ಕಲಿಸಿದ ಈ ಪಾಠ ಹೊಳೆ ದಾಟಿ ನಮ್ಮ ಕಡೆ ಬರಲು ಇಷ್ಟು ತಡವಾಯಿತಲ್ಲ ಎಂಬ ಸಿಟ್ಟು ನನಗಿದೆ.

ಮನೆಯಲ್ಲಿ ಹೇಗೆ ಮಾತಾಡಬೇಕು ಎಂದು ಬಹಳ ಜನ ಕೇಳುತ್ತಾರೆ. 'ನಿನ್ನ ತಲಿ ಕೆಟ್ಟೈತಿ, ಅಲ್ಲಿ ಯಾರೂ ಇಲ್ಲ' ಅನ್ನಬೇಡಿ. 'ಹೌದಪಾ, ನನಗೂ ಕೇಳತೈತಿ' ಎಂದು ಸುಳ್ಳು ಒಪ್ಪಿಗೆಯನ್ನೂ ಕೊಡಬೇಡಿ. 'ನಿನಗ ಕೇಳಸ್ತೈತಿ, ಖರೇ. ನನಗ ಕೇಳಸವಲ್ದು. ಅಂಜಿಕಿ ಆಗಿರಬೇಕು ನಿನಗ, ನಿದ್ದಿನೂ ಇಲ್ಲ. ನಿದ್ದಿ ಸಲುವಾಗಿ ಒಮ್ಮೆ ಡಾಕ್ಟರಿಗೆ ತೋರಸೂಣು ಬಾ.' ನಿದ್ದೆಯ ಹೆಸರಿನಲ್ಲಿ ಬರುವವರು ಕಾಯಿಲೆಯ ಹೆಸರಿನಲ್ಲಿ ಬರುವುದಿಲ್ಲ. ಊಟಕ್ಕೆ ಕದ್ದು ಗುಳಿಗೆ ಬೆರೆಸಬೇಡಿ. ವಿಷ ಹಾಕುತ್ತಾರೆ ಎಂದು ಮೊದಲೇ ಅನುಮಾನಿಸುವವನಿಗೆ ಅದು ಗೊತ್ತಾದರೆ ಮುಗಿಯಿತು.

ಆ ಹುಡುಗ ಈಗ ಗದ್ದೆಗೆ ಹೋಗುತ್ತಾನೆ. ಪೂರ್ತಿ ಮೊದಲಿನಂತಾಗಿದ್ದಾನೆ ಎಂದು ಹೇಳಲಾರೆ. ಮಾತು ಕಡಿಮೆ, ಜಾತ್ರೆಯ ಗದ್ದಲಕ್ಕೆ ಹೋಗುವುದಿಲ್ಲ. ಮೊಬೈಲು ಡಬ್ಬಿಯಿಂದ ಹೊರಗೆ ಬಂದಿದೆ.

ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಯಾವ ಮಂಗಳವಾರ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ರಾಯಚೂರಿನಲ್ಲಿ ರಿಮ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಎಲ್ಲಿಗೂ ಹೋಗಲಾಗದ ರಾತ್ರಿಗೆ ಟೆಲಿ ಮನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿ. ಮತ್ತು ಒಂದು ಕೆಲಸ ಮಾಡಿ. ಮನೆಯಲ್ಲಿ ಯಾರಿಗಾದರೂ ನಿದ್ದೆ ಕೆಟ್ಟು ಮಾತು ಬೇರೆಯಾದ ದಿನ, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.